ತಾನೇ ಓಡುವ ಕಾರು, ಒಳಗೆ ಕುಳಿತವರ ಕೆಲಸ: ಸದಸ್ಯರಿಗಾಗಿ ಒಂದು ಮಾಹಿತಿ ಲೇಖನ



ಸ್ಟೇರಿಂಗ್ ತಾನಾಗಿ ತಿರುಗುವ, ಮುಂದಿನ ಗಾಡಿ ನಿಂತರೆ ತಾನಾಗಿ ನಿಲ್ಲುವ ಕಾರುಗಳ ವಿಷಯ ಈಗ ನಮ್ಮ ಕಡೆಯೂ ಮಾತಿಗೆ ಬಂದಿದೆ. ಅಮೆರಿಕದಲ್ಲಿರುವ ಮಕ್ಕಳು ಚಾಲಕನೇ ಇಲ್ಲದ ಟ್ಯಾಕ್ಸಿಯ ವಿಡಿಯೋ ಕಳಿಸುತ್ತಾರೆ. ಸೊಲ್ಲಾಪುರದ ಷೋರೂಮಿನಲ್ಲಿ ಹೊಸ ಗಾಡಿ ಕೊಳ್ಳಲು ಹೋದವರಿಗೆ "ಇದು ತಾನೇ ಓಡತದ" ಎಂಬ ಮಾತು ಕಿವಿಗೆ ಬೀಳುತ್ತದೆ. ಎರಡೂ ಒಂದೇ ಎಂದು ತಿಳಿದರೆ ಪ್ರಾಣಕ್ಕೆ ಅಪಾಯ. ಅಕ್ಕಲಕೋಟ, ದುಧನಿ, ಮೈಂದರ್ಗಿ, ಮಂಗಳವೇಢೆ, ಜತ್ತ ಭಾಗದ ನಮ್ಮ ಸದಸ್ಯರು ಮದುವೆ, ಆಸ್ಪತ್ರೆ, ಯಾತ್ರೆ ಎಂದು ರಾತ್ರಿ ಹೊತ್ತೂ ವಿಜಯಪುರ, ಕಲಬುರಗಿ, ಪುಣೆ ಕಡೆಗೆ ಓಡಾಡುವವರು. ಆದ್ದರಿಂದ ಯಾವ ಕಾರಿನಲ್ಲಿ ಕುಳಿತಾಗ ಯಾವ ಬೇರೆ ಕೆಲಸ ಮಾಡಬಹುದು, ಯಾವುದು ಕೂಡದು ಎಂಬುದನ್ನು ಒಂದೆಡೆ ಸೇರಿಸಿ ಕೊಡುತ್ತಿದ್ದೇವೆ. ಮನೆಯಲ್ಲಿ ಗಾಡಿ ನಡೆಸುವವರಿಗೆ ಇದನ್ನು ಓದಿ ಹೇಳಬೇಕಾಗಿ ವಿನಂತಿ.

1. ಆರು ಹಂತಗಳು

ಅಮೆರಿಕದ ವಾಹನ ಇಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇ 2014ರಲ್ಲಿ ಒಂದು ವರ್ಗೀಕರಣ ಪ್ರಕಟಿಸಿತು. ಇಂದು ಜಗತ್ತೆಲ್ಲ ಅದನ್ನೇ ಬಳಸುತ್ತದೆ. 0ಯಿಂದ 5ರವರೆಗೆ ಆರು ಹಂತಗಳಿವೆ. ಒಳಗೆ ಕುಳಿತವರ ದೃಷ್ಟಿಯಿಂದ ಅವನ್ನು ಹೀಗೆ ಓದಿಕೊಳ್ಳಬಹುದು.

0ನೇ ಹಂತ: ಎಲ್ಲವೂ ಚಾಲಕನದೇ. ಕಾರು ಹೆಚ್ಚೆಂದರೆ ಕೂಗಿ ಎಚ್ಚರಿಸೀತು, ತುರ್ತಿನಲ್ಲಿ ಕ್ಷಣಕಾಲ ಬ್ರೇಕ್ ಹಾಕೀತು.

1ನೇ ಹಂತ: ವೇಗ ಅಥವಾ ಸ್ಟೇರಿಂಗ್, ಎರಡರಲ್ಲಿ ಒಂದಕ್ಕೆ ಕಾರು ನೆರವಾಗುತ್ತದೆ. ಚಾಲಕನಿಗೆ ಬೇರೆ ಕೆಲಸ ಕೂಡದು.

2ನೇ ಹಂತ: ವೇಗ, ಸ್ಟೇರಿಂಗ್ ಎರಡಕ್ಕೂ ಕಾರು ನೆರವಾಗುತ್ತದೆ. ಆದರೂ ರಸ್ತೆ ನೋಡುವ ಹೊಣೆ ಪೂರ್ತಿಯಾಗಿ ಚಾಲಕನದು. ಬೇರೆ ಕೆಲಸ ಕೂಡದು.

3ನೇ ಹಂತ: ಗೊತ್ತುಪಡಿಸಿದ ರಸ್ತೆ, ವೇಗ, ಹವಾಮಾನದಲ್ಲಿ ಕಾರೇ ಓಡಿಸುತ್ತದೆ. ಅಷ್ಟು ಹೊತ್ತು ಚಾಲಕ ಬೇರೆ ಕೆಲಸ ಮಾಡಬಹುದು. ಕಾರು ಕರೆದ ಕೂಡಲೇ ವಹಿಸಿಕೊಳ್ಳಬೇಕು. ನಿದ್ದೆ ಕೂಡದು.

4ನೇ ಹಂತ: ಗೊತ್ತುಪಡಿಸಿದ ಊರು ಅಥವಾ ಪ್ರದೇಶದೊಳಗೆ ಚಾಲಕನೇ ಬೇಡ. ಕುಳಿತವರೆಲ್ಲ ಪ್ರಯಾಣಿಕರು. ಮಲಗಬಹುದು, ಓದಬಹುದು.

5ನೇ ಹಂತ: ಎಲ್ಲಿ ಬೇಕಾದರೂ, ಯಾವಾಗ ಬೇಕಾದರೂ ತಾನೇ ಓಡುವ ಕಾರು. ಇದು ಜಗತ್ತಿನಲ್ಲಿ ಇನ್ನೂ ಎಲ್ಲಿಯೂ ಇಲ್ಲ.

ಇವುಗಳಲ್ಲಿ 2 ಮತ್ತು 3ರ ನಡುವಿನ ಗೆರೆಯನ್ನು ಸದಸ್ಯರು ನೆನಪಿಡಬೇಕು. ಕೈಕಾಲಿಗೆ ಎರಡೂ ಒಂದೇ ಥರ ಅನ್ನಿಸುತ್ತವೆ. ಹೊಣೆಯಲ್ಲಿ ಮಾತ್ರ ಅಜಗಜಾಂತರ.

2. ನಮ್ಮ ರಸ್ತೆಯ ಮೇಲಿರುವ ಕಾರುಗಳು

ಭಾರತದಲ್ಲಿ ಇಂದು ಜನ ಕೊಂಡು ಓಡಿಸುತ್ತಿರುವ ಕಾರುಗಳು ಹೆಚ್ಚೆಂದರೆ 2ನೇ ಹಂತದವು. 2021ರಲ್ಲಿ ಬಂದ ಮಹೀಂದ್ರಾ ಎಕ್ಸ್‌ಯುವಿ700, ಎಂಜಿ ಆ್ಯಸ್ಟರ್, 2022ರ ಹೋಂಡಾ ಸಿಟಿ ಹೈಬ್ರಿಡ್, 2023ರ ಹ್ಯುಂಡೈ ವರ್ನಾ, ಟಾಟಾ ಹ್ಯಾರಿಯರ್ ಮುಂತಾದವುಗಳ ಮೇಲ್ದರ್ಜೆಯ ಮಾದರಿಗಳಲ್ಲಿ ಈ ಸೌಲಭ್ಯವಿದೆ. ಇದಕ್ಕೆ ಅಡಾಸ್ ಎಂದು ಹೆಸರು. ಕ್ಯಾಮೆರಾ ಮತ್ತು ರಾಡಾರ್ ಮುಂದಿನ ಗಾಡಿಯ ದೂರ ಅಳೆಯುತ್ತವೆ, ರಸ್ತೆಯ ಬಿಳಿ ಗೆರೆ ಗುರುತಿಸುತ್ತವೆ. ಅದರಂತೆ ಕಾರು ವೇಗ ತಗ್ಗಿಸುತ್ತದೆ, ಗೆರೆಯೊಳಗೆ ಉಳಿಯಲು ಸ್ಟೇರಿಂಗನ್ನು ಸ್ವಲ್ಪ ಎಳೆಯುತ್ತದೆ.

ಸೊಲ್ಲಾಪುರದಿಂದ ವಿಜಯಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 52, ಪುಣೆ-ಹೈದರಾಬಾದ್ ಕಡೆಯ 65, ಇಂಥ ಅಗಲ ರಸ್ತೆಗಳಲ್ಲಿ ಗೆರೆ ಸ್ಪಷ್ಟವಾಗಿರುವ ಕಡೆ ಈ ಏರ್ಪಾಡು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅಪಾಯವೂ ಅಲ್ಲಿಂದಲೇ ಶುರು. ಹತ್ತು ಕಿಲೋಮೀಟರ್ ಸರಿಯಾಗಿ ಹೋದ ಗಾಡಿ ಹನ್ನೊಂದನೆಯದರಲ್ಲೂ ಹೋದೀತು ಎಂಬ ನಂಬಿಕೆ ಕೂಡುತ್ತದೆ. ಕೈ ಮೊಬೈಲಿನ ಕಡೆ ಹೋಗುತ್ತದೆ.

ನಮ್ಮ ಭಾಗದ ರಸ್ತೆಯಲ್ಲಿ ಏನೇನು ಎದುರಾಗುತ್ತದೆ ಎಂಬುದನ್ನು ನಾವೆಲ್ಲ ಬಲ್ಲೆವು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್, ಹಿಂದೆ ಕೆಂಪು ದೀಪವಿಲ್ಲ, ಕಬ್ಬು ಎರಡೂ ಬದಿಗೆ ಚಾಚಿರುತ್ತದೆ. ಕತ್ತಲಲ್ಲಿ ಚಕ್ಕಡಿ. ಡಾಂಬರಿನ ಮೇಲೆ ಅರ್ಧ ರಸ್ತೆ ಹಿಡಿದು ಹರವಿದ ಜೋಳ, ತೊಗರಿ, ಅದು ಗಾಳಿಗೆ ಹೋಗದಂತೆ ಅಂಚಿಗಿಟ್ಟ ಕಲ್ಲು. ಎದುರು ಬದಿಯಿಂದ ಬರುವ ಮೋಟರ್ ಸೈಕಲ್. ಅಕ್ಕಲಕೋಟದ ಸ್ವಾಮಿ ಸಮರ್ಥರ ದರ್ಶನಕ್ಕೆ ಬರಿಗಾಲಲ್ಲಿ ನಡೆದು ಬರುವ ಭಕ್ತರು, ಆಷಾಢದಲ್ಲಿ ಪಂಢರಪುರಕ್ಕೆ ಹೊರಟ ದಿಂಡಿಗಳು. ಅಚ್ಚುಕಟ್ಟಾದ ಗೆರೆ ಮತ್ತು ಕಾರಿನ ಹಿಂಭಾಗ ಗುರುತಿಸಲು ಕಲಿತ ಯಂತ್ರ ಇವೆಲ್ಲವನ್ನೂ ಸರಿಯಾಗಿ ಗುರುತಿಸೀತು ಎಂದು ನೆಚ್ಚುವಂತಿಲ್ಲ. ಕಾರಿನ ಜೊತೆ ಕೊಡುವ ಪುಸ್ತಕದಲ್ಲಿಯೇ ಮಳೆ, ಮಂಜು, ಧೂಳು, ಎದುರು ಬೆಳಕು, ಅಳಿಸಿದ ಗೆರೆ ಇದ್ದಲ್ಲಿ ಈ ಸೌಲಭ್ಯ ಕೈಕೊಡಬಹುದು ಎಂದು ಬರೆದಿರುತ್ತದೆ. ಆ ಪುಟವನ್ನು ಓದುವವರು ಕಡಿಮೆ.

ಇನ್ನೊಂದು ಮಾತು ಭಾಷೆಯದು. ಹೆಚ್ಚಿನ ಕಾರುಗಳಲ್ಲಿ "ಸ್ಟೇರಿಂಗ್ ಹಿಡಿಯಿರಿ" ಎಂಬ ಎಚ್ಚರಿಕೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಮೂಡುತ್ತದೆ. ಕನ್ನಡ ಶಾಲೆಯಲ್ಲಿ ಓದಿ, ಮರಾಠಿಯಲ್ಲಿ ವ್ಯವಹರಿಸಿ, ಬಾಡಿಗೆ ಗಾಡಿ ನಡೆಸುವ ನಮ್ಮ ಹುಡುಗನಿಗೆ ಆ ಕ್ಷಣದಲ್ಲಿ ಅದನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟು ಸಮಯ ಇರುವುದಿಲ್ಲ. ಗಾಡಿ ಕೈಗೆ ಬಂದ ದಿನವೇ ಪ್ರತಿಯೊಂದು ಚಿಹ್ನೆ, ಪ್ರತಿಯೊಂದು ಸದ್ದಿನ ಅರ್ಥವನ್ನು ಷೋರೂಮಿನವರಿಂದ ಬಾಯಿಬಿಟ್ಟು ಕೇಳಿ, ಕನ್ನಡದಲ್ಲಿ ಬರೆದಿಟ್ಟುಕೊಳ್ಳಬೇಕು.

3. ಬೇರೆ ಕೆಲಸ ಮಾಡುವವನ ಮನಸ್ಸಿಗೆ ಏನಾಗುತ್ತದೆ

ಚಕ್ಕಡಿ ಹೂಡಿಕೊಂಡು ಸಂತೆಗೆ ಹೋದ ನಮ್ಮ ಹಿರಿಯರು ರಾತ್ರಿ ಮರಳುವಾಗ ಹುಲ್ಲಿನ ಮೇಲೆ ಮಲಗಿಬಿಡುತ್ತಿದ್ದರು, ಎತ್ತುಗಳು ಮನೆ ಮುಂದೆ ತಂದು ನಿಲ್ಲಿಸುತ್ತಿದ್ದವು. ತಾನೇ ಓಡುವ ಕಾರಿನ ಮಾತು ಬಂದಾಗ ಹಲವರು ಇದನ್ನು ನೆನೆಯುತ್ತಾರೆ. ಹೋಲಿಕೆ ಸ್ವಲ್ಪ ಮಟ್ಟಿಗೆ ಸರಿ. ಆದರೆ ಎತ್ತಿಗೆ ತನ್ನ ಜೀವದ ಭಯವಿತ್ತು, ಹಳ್ಳ ಕಂಡರೆ ನಿಲ್ಲುತ್ತಿತ್ತು. ನಡೆಯುವ ವೇಗದಲ್ಲಿ ಹೋಗುತ್ತಿತ್ತು. ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ವಾಟ್ಸ್‌ಆ್ಯಪ್ ಸಂದೇಶ ಓದಲು 5 ಸೆಕೆಂಡ್ ಕಣ್ಣು ತೆಗೆದರೆ 110 ಮೀಟರ್ ದೂರ ಕುರುಡಾಗಿ ಹೋದಂತೆ. ವೇಗ 100 ಇದ್ದರೆ ಅದೇ 5 ಸೆಕೆಂಡಿನಲ್ಲಿ ಸುಮಾರು 140 ಮೀಟರ್.

ಬರಿದೇ ನೋಡುತ್ತ ಕುಳಿತವನ ಗಮನ ಬೇಗ ಸಡಿಲಾಗುತ್ತದೆ ಎಂಬುದು ಹಳೆಯ ಅನುಭವ. ಎರಡನೇ ಮಹಾಯುದ್ಧದಲ್ಲಿ ರಾಡಾರ್ ಪರದೆ ಕಾಯುವವರು ಶತ್ರುಗಳ ಗುರುತನ್ನು ಏಕೆ ತಪ್ಪಿಸಿಕೊಳ್ಳುತ್ತಾರೆ ಎಂದು ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್ ಪರೀಕ್ಷೆ ನಡೆಸಿದರು. ಗಡಿಯಾರದಂಥ ಮುಳ್ಳು ಒಂದೊಂದೇ ಹೆಜ್ಜೆ ಇಡುತ್ತದೆ, ಅಪರೂಪಕ್ಕೆ ಎರಡು ಹೆಜ್ಜೆ ಹಾರುತ್ತದೆ. ಹಾರಿದ್ದನ್ನು ಗುರುತಿಸಬೇಕು, ಕೆಲಸ ಅಷ್ಟೇ. 1948ರಲ್ಲಿ ಪ್ರಕಟವಾದ ಆ ಫಲಿತಾಂಶದ ಪ್ರಕಾರ ಮೊದಲ ಅರ್ಧ ಗಂಟೆಯೊಳಗೇ ಜನರ ಗುರುತಿಸುವ ಶಕ್ತಿ ಗಣನೀಯವಾಗಿ ಕುಗ್ಗಿತು. 1983ರಲ್ಲಿ ಲಿಸಾನ್ ಬೇನ್‌ಬ್ರಿಜ್ ಎಂಬ ಮನಶ್ಶಾಸ್ತ್ರಜ್ಞೆ ಇನ್ನೊಂದು ಮಾತು ತೋರಿಸಿದರು: ಯಂತ್ರ ಸುಲಭದ ಕೆಲಸವನ್ನೆಲ್ಲ ತಾನು ಮಾಡಿ, ತನ್ನಿಂದ ಆಗದ ಕಠಿಣ ಗಳಿಗೆಯನ್ನು ಮನುಷ್ಯನಿಗೆ ಬಿಡುತ್ತದೆ. ಅಷ್ಟರಲ್ಲಿ ಮನುಷ್ಯನಿಗೆ ರೂಢಿ ತಪ್ಪಿರುತ್ತದೆ.

ಕಚೇರಿಯಲ್ಲಿ ಲೆಕ್ಕ ಬರೆದವರಿಗೆ ಇದು ಹೊಸದಲ್ಲ. ಜಮಾ-ಖರ್ಚನ್ನು ಸ್ವತಃ ಕೂಡಿಸುವವನ ಕಣ್ಣಿಗೆ ತಪ್ಪು ಬೀಳುತ್ತದೆ. ಬೇರೆಯವರು ಕೂಡಿಸಿದ್ದಕ್ಕೆ ದಿನಕ್ಕೆ ನೂರು ಸಹಿ ಹಾಕುವವನ ಕಣ್ಣಿಗೆ, ಅವನು ಎಷ್ಟೇ ಪ್ರಾಮಾಣಿಕನಿರಲಿ, ನೂರೊಂದನೆಯದು ಬೀಳುವುದಿಲ್ಲ. 2ನೇ ಹಂತದ ಕಾರು ಚಾಲಕನನ್ನು ಸಹಿ ಹಾಕುವವನ ಜಾಗದಲ್ಲಿ ಕೂರಿಸುತ್ತದೆ.

ಇದನ್ನು ತಡೆಯಲೆಂದೇ ಕಾರುಗಳು ಸ್ಟೇರಿಂಗ್ ಮೇಲೆ ಕೈ ಇದೆಯೇ ಎಂದು ಪರೀಕ್ಷಿಸುತ್ತವೆ. ಕೆಲವು ಕಾರುಗಳಲ್ಲಿ ಚಾಲಕನ ಮುಖ ನೋಡುವ ಕ್ಯಾಮೆರಾ ಇದೆ. ಸ್ಟೇರಿಂಗಿಗೆ ನೀರಿನ ಬಾಟಲಿ ಸಿಕ್ಕಿಸಿ ಕಾರನ್ನು ಮೋಸಗೊಳಿಸುವವರೂ ಇದ್ದಾರೆ. ಓಡುವ ಕಾರಿನಲ್ಲಿ ಚಾಲಕ ಸ್ಟೇರಿಂಗ್ ಬಿಟ್ಟು ಹಿಂದೆ ತಿರುಗಿ ಕುಳಿತ ವಿಡಿಯೋಗಳು ನಮ್ಮ ದೇಶದಲ್ಲಿಯೂ ಹರಿದಾಡಿವೆ. ಅಂಥವನ್ನು ದಯವಿಟ್ಟು ಮುಂದೆ ಕಳಿಸಬೇಡಿ. ನೋಡಿದ ಹುಡುಗರಿಗೆ ಅದು ಸಾಹಸದ ಪಾಠವಾಗುತ್ತದೆ.

4. ಟೆಂಪಿ ನಗರದ ಪ್ರಕರಣ, 2018

ಈ ವಿಷಯದಲ್ಲಿ ಎಲ್ಲರೂ ತಿಳಿದಿರಬೇಕಾದ ಘಟನೆ ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ನಗರದ್ದು. 2018ರ ಮಾರ್ಚ್ 18ರ ರಾತ್ರಿ ಊಬರ್ ಕಂಪನಿಯ ಪರೀಕ್ಷಾ ಕಾರೊಂದು ತಾನೇ ಓಡುತ್ತಿತ್ತು. ತುರ್ತಿಗೆಂದು ಚಾಲಕಿಯೊಬ್ಬರು ಸೀಟಿನಲ್ಲಿದ್ದರು. 49 ವರ್ಷದ ಮಹಿಳೆಯೊಬ್ಬರು ಸೈಕಲ್ ತಳ್ಳಿಕೊಂಡು, ದಾಟುವ ಪಟ್ಟೆ ಇಲ್ಲದ ಕಡೆ ರಸ್ತೆ ದಾಟುತ್ತಿದ್ದರು. ಕಾರು ಗುದ್ದಿ ಅವರು ತೀರಿಕೊಂಡರು. ಚಾಲಕರಹಿತ ಪರೀಕ್ಷಾ ಕಾರಿಗೆ ಪಾದಚಾರಿ ಬಲಿಯಾದ ಮೊದಲ ಪ್ರಕರಣ ಅದು.

ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ 2019ರ ನವೆಂಬರ್‌ನಲ್ಲಿ ತನ್ನ ತೀರ್ಮಾನ ಕೊಟ್ಟಿತು. ಕಾರಿನ ಯಂತ್ರ ಆ ಮಹಿಳೆಯನ್ನು 5.6 ಸೆಕೆಂಡ್ ಮೊದಲೇ ಕಂಡಿತ್ತು. ಒಮ್ಮೆ ವಾಹನ, ಒಮ್ಮೆ ಬೇರೇನೋ ವಸ್ತು, ಒಮ್ಮೆ ಸೈಕಲ್ ಎಂದು ಗುರುತು ಬದಲಿಸುತ್ತ ಹೋಯಿತು. ಕಾರು ತಯಾರಿಸಿದ ವೋಲ್ವೋದವರ ತುರ್ತು ಬ್ರೇಕ್ ವ್ಯವಸ್ಥೆಯನ್ನು ಪರೀಕ್ಷೆಯ ವೇಳೆ ಬಂದ್ ಇಡಲಾಗಿತ್ತು. ಚಾಲಕಿಯ ಮೊಬೈಲಿನಲ್ಲಿ ಟಿವಿ ಕಾರ್ಯಕ್ರಮ ಓಡುತ್ತಿತ್ತು. ಅವರು ತಲೆಯೆತ್ತಿ ರಸ್ತೆ ನೋಡಿದ್ದು ಗುದ್ದುವುದಕ್ಕೆ ಸುಮಾರು ಒಂದು ಸೆಕೆಂಡ್ ಮುಂಚೆ.

ಮಂಡಳಿ ಚಾಲಕಿಯ ಅಲಕ್ಷ್ಯವನ್ನು ಮುಖ್ಯ ಕಾರಣವೆಂದಿತು. ಚಾಲಕರ ಮೇಲೆ ನಿಗಾ ಇಡದ, ಬೇಸರದಿಂದ ಗಮನ ತಪ್ಪುವುದನ್ನು ತಡೆಯುವ ಏರ್ಪಾಡು ಮಾಡದ ಕಂಪನಿಯ ಲೋಪವನ್ನೂ ಬರೆಯಿತು. ಮೊದಲು ಇಂಥ ಕಾರಿನಲ್ಲಿ ಇಬ್ಬರು ಕೂರುತ್ತಿದ್ದರು, ಆಮೇಲೆ ಕಂಪನಿ ಒಬ್ಬರನ್ನೇ ಉಳಿಸಿತ್ತು. ನ್ಯಾಯಾಲಯದಲ್ಲಿ ನಿಂತವರು ಮಾತ್ರ ಚಾಲಕಿ. 2023ರಲ್ಲಿ ಅವರು ತಪ್ಪೊಪ್ಪಿಕೊಂಡು ಮೂರು ವರ್ಷಗಳ ಪ್ರೊಬೇಷನ್ ಶಿಕ್ಷೆ ಪಡೆದರು. ಸಂಬಳಕ್ಕೆ ಗಾಡಿ ನಡೆಸುವ ನಮ್ಮ ಸದಸ್ಯರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಯಂತ್ರ, ಕಂಪನಿ, ಚಾಲಕ ಮೂವರೂ ಸೇರಿ ತಪ್ಪಿದಲ್ಲಿ ಕೋರ್ಟಿನ ಕಟಕಟೆಗೆ ಬಂದದ್ದು ಸೀಟಿನಲ್ಲಿ ಕುಳಿತವರು.

5. ಬೇರೆ ಕೆಲಸಕ್ಕೆ ಅನುಮತಿ ಸಿಕ್ಕ ಕಡೆ

3ನೇ ಹಂತದ ಕಾರನ್ನು ಮೊದಲು ರಸ್ತೆಗೆ ಬಿಟ್ಟವರು ಜಪಾನಿನ ಹೋಂಡಾದವರು. 2021ರ ಮಾರ್ಚ್‌ನಲ್ಲಿ 100 ಲೆಜೆಂಡ್ ಕಾರುಗಳನ್ನು ಗುತ್ತಿಗೆ ಮೇಲೆ ಕೊಟ್ಟರು. ಜರ್ಮನಿಯಲ್ಲಿ 2021ರ ಡಿಸೆಂಬರ್‌ನಲ್ಲಿ ಮರ್ಸಿಡಿಸ್‌ನ ಏರ್ಪಾಡಿಗೆ ಅನುಮತಿ ಸಿಕ್ಕಿತು. ಮೊದಲು ಗೊತ್ತುಪಡಿಸಿದ ಹೆದ್ದಾರಿಗಳಲ್ಲಿ, ದಟ್ಟಣೆಯಿದ್ದಾಗ, ಗಂಟೆಗೆ 60 ಕಿಲೋಮೀಟರ್ ಮೀರದಂತೆ. ಚಾಲಕ ಅಷ್ಟು ಹೊತ್ತು ಕಾರಿನ ಪರದೆಯಲ್ಲಿ ಸಿನಿಮಾ ನೋಡಬಹುದು, ಪತ್ರ ಓದಬಹುದು.

ಇದಕ್ಕೆ ಆಧಾರ ವಿಶ್ವಸಂಸ್ಥೆಯ 157ನೇ ವಾಹನ ನಿಯಮ. ಅದು 2021ರ ಜನವರಿಯಿಂದ ಜಾರಿಯಲ್ಲಿದೆ. ಅದರ ಷರತ್ತುಗಳು ಬಿಗಿ. ಚಾಲಕ ಸೀಟಿನಲ್ಲಿಯೇ ಇರಬೇಕು, ಬೆಲ್ಟ್ ಕಟ್ಟಿರಬೇಕು, ಎಚ್ಚರವಾಗಿದ್ದಾನೆಯೇ ಎಂದು ಕಾರು ಕಣ್ಣಿನ ಮತ್ತು ತಲೆಯ ಚಲನೆಯಿಂದ ನೋಡುತ್ತಿರಬೇಕು. ಕಾರು "ವಹಿಸಿಕೊಳ್ಳಿ" ಎಂದು ಕರೆದಾಗ ಅದರ ಪರದೆಯ ಮೇಲಿನ ಸಿನಿಮಾ ತಾನಾಗಿ ನಿಲ್ಲಬೇಕು. ಕೈಯಲ್ಲಿ ಹಿಡಿದ ಫೋನಿಗಿಂತ ಕಾರಿನ ಪರದೆ ಮೇಲೆನ್ನುವುದು ಇದೇ ಕಾರಣಕ್ಕೆ. ಚಾಲಕ ವಹಿಸಿಕೊಳ್ಳದಿದ್ದರೆ ಕಾರು ಸಾಮಾನ್ಯವಾಗಿ 10 ಸೆಕೆಂಡ್ ಕಾದು, ಆಮೇಲೆ ನಿಧಾನಿಸಿ ನಿಲ್ಲಬೇಕು. ಗಂಟೆಗೆ 60ರ ವೇಗದಲ್ಲಿ ಆ 10 ಸೆಕೆಂಡಿನಲ್ಲಿ ಕಾರು ಸುಮಾರು 167 ಮೀಟರ್ ಸಾಗಿರುತ್ತದೆ.

6. ಚಾಲಕನೇ ಇಲ್ಲದ ಟ್ಯಾಕ್ಸಿ

ಮಕ್ಕಳು ವಿಡಿಯೋ ಕಳಿಸುವುದು 4ನೇ ಹಂತದ ವೇಮೋ ಟ್ಯಾಕ್ಸಿಯದು. 2020ರ ಅಕ್ಟೋಬರ್‌ನಿಂದ ಫೀನಿಕ್ಸ್ ನಗರ ಪ್ರದೇಶದಲ್ಲಿ, 2024ರ ಜೂನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದು ಸಾರ್ವಜನಿಕರಿಗೆಲ್ಲ ಸಿಗುತ್ತದೆ. ಮೊಬೈಲಿನಲ್ಲಿ ಕರೆದರೆ ಖಾಲಿ ಕಾರು ಬಂದು ನಿಲ್ಲುತ್ತದೆ. ಮೊದಮೊದಲು ಸ್ಟೇರಿಂಗ್ ತಾನೇ ತಿರುಗುವುದನ್ನು ಬೆರಗಿನಿಂದ ನೋಡುತ್ತಾರೆ, ಎರಡು ಮೂರು ಸಲ ಹೋದ ಮೇಲೆ ಫೋನಿನಲ್ಲಿ ಮುಳುಗುತ್ತಾರೆ ಎಂದು ಅಲ್ಲಿನವರು ಹೇಳುತ್ತಾರೆ.

ಮಕ್ಕಳ ಮನೆಗೆ ಹೋಗುವ ಹಿರಿಯರಿಗೆ ಕೆಲವು ಮಾತು. ಬೆಲ್ಟ್ ಕಟ್ಟಲೇಬೇಕು. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಕಾರು ಹೊರಡುವುದಿಲ್ಲ. ಗಂಟು ಎತ್ತಿಡಲು, ಕೈ ಹಿಡಿದು ಇಳಿಸಲು ಯಾರೂ ಇರುವುದಿಲ್ಲ. ಮೈ ಸರಿಯಿಲ್ಲ ಅನ್ನಿಸಿದರೆ ಕಾರನ್ನು ಬದಿಗೆ ನಿಲ್ಲಿಸಲು, ಸಹಾಯಕರ ಜೊತೆ ಮಾತಾಡಲು ಪರದೆಯ ಮೇಲೆ ಗುಂಡಿಗಳಿವೆ. ಮೊದಲ ಸಲ ಮಕ್ಕಳ ಜೊತೆಗೇ ಹೋಗಿ ಅವನ್ನು ಗುರುತಿಟ್ಟುಕೊಳ್ಳಿ. ಓದುತ್ತ ಕುಳಿತರೆ ಕೆಲವರಿಗೆ ಹೊಟ್ಟೆ ತೊಳಸುವುದು ಎಲ್ಲ ಕಾರಿನಂತೆ ಇಲ್ಲಿಯೂ ಉಂಟು.

ಇಂಥ ಕಾರುಗಳೂ ತಪ್ಪುತ್ತವೆ. 2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇರೊಂದು ಗಾಡಿ ಗುದ್ದಿದ್ದರಿಂದ ಕ್ರೂಸ್ ಕಂಪನಿಯ ಚಾಲಕರಹಿತ ಕಾರಿನ ಮುಂದೆ ಬಿದ್ದ ಮಹಿಳೆಯನ್ನು ಆ ಕಾರು ಸುಮಾರು 6 ಮೀಟರ್ ಎಳೆದೊಯ್ದಿತು. ಅದೇ ತಿಂಗಳು ಕ್ಯಾಲಿಫೋರ್ನಿಯಾ ಸರ್ಕಾರ ಪರವಾನಗಿ ತಡೆಹಿಡಿಯಿತು. 2024ರ ಡಿಸೆಂಬರ್‌ನಲ್ಲಿ ಒಡೆಯರಾದ ಜನರಲ್ ಮೋಟರ್ಸ್‌ನವರು ಆ ಟ್ಯಾಕ್ಸಿ ಯೋಜನೆಯನ್ನೇ ಕೈಬಿಟ್ಟರು.

7. ಬೆಂಗಳೂರಿನಲ್ಲಿ ನಡೆದಿರುವ ಪ್ರಯತ್ನ

ಬೆಂಗಳೂರಿನ ಮೈನಸ್ ಝೀರೋ ಎಂಬ ಸಂಸ್ಥೆ 2023ರ ಜೂನ್‌ನಲ್ಲಿ ಝಡ್‌ಪಾಡ್ ಎಂಬ ಪ್ರಾಯೋಗಿಕ ವಾಹನ ತೋರಿಸಿತು. ವಿಪ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್.ವಿ. ಇಂಜಿನಿಯರಿಂಗ್ ಕಾಲೇಜು ಸೇರಿ ಇನ್ನೊಂದು ಚಾಲಕರಹಿತ ಕಾರನ್ನು ರೂಪಿಸುತ್ತಿವೆ. 2025ರ ಅಕ್ಟೋಬರ್‌ನಲ್ಲಿ ಉತ್ತರಾದಿ ಮಠದ ಶ್ರೀ ಸತ್ಯಾತ್ಮತೀರ್ಥರು ಕಾಲೇಜಿನ ಆವರಣದಲ್ಲಿ ಅದರಲ್ಲಿ ಕುಳಿತು ಸಾಗಿದ ವಿಡಿಯೋವನ್ನು ನಮ್ಮ ಭಾಗದ ಬಹಳ ಮಂದಿ ನೋಡಿದ್ದಾರೆ. ಇವೆರಡೂ ಪ್ರಯೋಗದ ಹಂತದವು, ಮಾರಾಟಕ್ಕೆ ಬಂದವಲ್ಲ.

ಹಳಿಯ ಮೇಲೆ ಮಾತ್ರ ಈ ಕಾಲ ಬಂದಾಗಿದೆ. ದಿಲ್ಲಿ ಮೆಟ್ರೋದ ಒಂದು ಮಾರ್ಗದಲ್ಲಿ 2020ರ ಡಿಸೆಂಬರ್‌ನಿಂದ ಚಾಲಕರಹಿತ ರೈಲು ಓಡುತ್ತಿದೆ. 2025ರ ಆಗಸ್ಟ್ 10ರಂದು ಶುರುವಾದ ನಮ್ಮ ಮೆಟ್ರೋದ ಹಳದಿ ಮಾರ್ಗದ ರೈಲುಗಳೂ ಚಾಲಕನಿಲ್ಲದೆ ಓಡಬಲ್ಲವು, ಆರಂಭದಲ್ಲಿ ಚಾಲಕರನ್ನಿಟ್ಟೇ ಓಡಿಸಿದರು. ಅಲ್ಲಿ ಹಳಿಗೆ ಅಡ್ಡ ಬರುವ ಎಮ್ಮೆಯಿಲ್ಲ, ದಿಂಡಿಯಿಲ್ಲ. ರಸ್ತೆಗೂ ಹಳಿಗೂ ಇರುವ ವ್ಯತ್ಯಾಸ ಅದು.

8. ಕಾನೂನು ಮತ್ತು ಹೊಟ್ಟೆಪಾಡು

ಮೋಟಾರು ವಾಹನ ಕಾಯ್ದೆಯ 184ನೇ ಕಲಮಿಗೆ 2019ರಲ್ಲಿ ಮಾಡಿದ ತಿದ್ದುಪಡಿಯಂತೆ, ಚಾಲನೆಯಲ್ಲಿರುವಾಗ ಕೈಯಲ್ಲಿ ಫೋನ್ ಹಿಡಿದು ಅಪಾಯಕಾರಿಯಾಗಿ ಓಡಿಸುವುದು ಅಪರಾಧ. ಮೊದಲ ಸಲಕ್ಕೆ 6 ತಿಂಗಳಿಂದ 1 ವರ್ಷದ ಸಜೆ, ಅಥವಾ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. ಅಲಕ್ಷ್ಯದಿಂದ ಸಾವು ಸಂಭವಿಸಿದರೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಂತೆ 5 ವರ್ಷದವರೆಗೆ ಸಜೆಯಾಗಬಹುದು. "ಕಾರು ತಾನೇ ಓಡುತ್ತಿತ್ತು" ಎಂದರೆ 2ನೇ ಹಂತದ ಗಾಡಿಯಲ್ಲಿ ಹೊಣೆ ತಪ್ಪುವುದಿಲ್ಲ.

ಚಾಲಕರಹಿತ ಕಾರು ಭಾರತಕ್ಕೆ ಬರಲು ಬಿಡುವುದಿಲ್ಲ, ಅದರಿಂದ ಲಕ್ಷಾಂತರ ಚಾಲಕರ ಉದ್ಯೋಗ ಹೋಗುತ್ತದೆ ಎಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರು 2023ರಲ್ಲಿ ಹೇಳಿದ್ದರು. ಅಕ್ಕಲಕೋಟ, ಗಾಣಗಾಪುರ, ತುಳಜಾಪುರ, ಪಂಢರಪುರ ಎಂದು ಯಾತ್ರಿಕರನ್ನು ಸುತ್ತಿಸಿ ಸಂಸಾರ ಸಾಗಿಸುವ ಮನೆಗಳು ನಮ್ಮಲ್ಲಿ ಎಷ್ಟಿವೆ ಎಂದು ಸದಸ್ಯರೇ ಬಲ್ಲರು. ಆ ಚಾಲಕ ಗಾಡಿ ಓಡಿಸುವುದಷ್ಟೇ ಅಲ್ಲ, ಮುದುಕರನ್ನು ಇಳಿಸುತ್ತಾನೆ, ಚಪ್ಪಲಿ ಕಾಯುತ್ತಾನೆ, ಕನ್ನಡದ ಯಾತ್ರಿಕರಿಗೆ ಮರಾಠಿಯಲ್ಲಿ ದಾರಿ ಕೇಳಿಕೊಡುತ್ತಾನೆ. ರಸ್ತೆ ದಾಟುವವರಿಗೆ ಕೈಸನ್ನೆ ಮಾಡಿ "ಹೋಗ್ರಿ" ಎನ್ನುವವನೂ ಅವನೇ. ಖಾಲಿ ಸೀಟಿನ ಕಡೆ ನೋಡಿ ರಸ್ತೆ ದಾಟುವುದು ನಮ್ಮ ಜನರಿಗೆ ಸುಲಭವಾಗದು.

9. ಸದಸ್ಯರಿಗೆ ಸೂಚನೆಗಳು

1) ಗಾಡಿ ಕೊಳ್ಳುವಾಗ "ಇದು ಎಷ್ಟನೇ ಹಂತದ್ದು?" ಎಂದು ಕೇಳಿ. 1 ಅಥವಾ 2 ಎಂದರೆ ಅದು ನೆರವಿನ ಗಾಡಿ, ತಾನೇ ಓಡುವ ಗಾಡಿಯಲ್ಲ.

2) ಚಾಲಕ ಫೋನ್ ನೋಡುವುದು, ಹಿಂದೆ ತಿರುಗಿ ಊಟ ಕೊಡುವುದು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಯಾವ ಅಡಾಸ್ ಗಾಡಿಯಲ್ಲೂ ಕೂಡದು.

3) ಊರೊಳಗೆ, ಕಬ್ಬಿನ ಹಂಗಾಮಿನ ರಾತ್ರಿಯಲ್ಲಿ, ರಸ್ತೆಯ ಮೇಲೆ ರಾಶಿ ಹರವಿರುವ ಕಡೆ, ದಿಂಡಿ ಸಾಗುವ ದಿನಗಳಲ್ಲಿ ವೇಗ ಮತ್ತು ಸ್ಟೇರಿಂಗಿನ ನೆರವನ್ನು ಬಂದ್ ಮಾಡಿ ಸ್ವತಃ ಓಡಿಸಿ.

4) ನಿದ್ದೆ ಬಂದರೆ ಯಂತ್ರವನ್ನು ನೆಚ್ಚಬೇಡಿ. ಧಾಬಾದ ಬಳಿ ನಿಲ್ಲಿಸಿ ಅರ್ಧ ಗಂಟೆ ಮಲಗಿ.

5) ಪಕ್ಕದಲ್ಲಿ ಕುಳಿತವರಿಗೂ ಕೆಲಸವಿದೆ. ಫೋನ್ ಬಂದರೆ ಅವರೇ ತೆಗೆದುಕೊಳ್ಳಲಿ, ದಾರಿ ಅವರೇ ನೋಡಲಿ, ಚಾಲಕನ ಕಣ್ಣು ಬಾಡಿದರೆ ಸಂಕೋಚವಿಲ್ಲದೆ ಹೇಳಲಿ.

6) ಬಾಡಿಗೆ ಗಾಡಿಯ ಮಾಲಕರು ಎಚ್ಚರಿಕೆಯ ಚಿಹ್ನೆಗಳ ಅರ್ಥವನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆದು ಚಾಲಕನಿಗೆ ಕೊಡಬೇಕು.

7) ಟ್ರೇಲರ್, ಚಕ್ಕಡಿ ಇರುವ ರೈತ ಸದಸ್ಯರು ಹಿಂದೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಬೇಕು. ಮನುಷ್ಯನ ಕಣ್ಣಿಗೂ ಅದು ಬೇಕು.

ಅಡಾಸ್ ಗಾಡಿ ಓಡಿಸುತ್ತಿರುವ ಸದಸ್ಯರು ನಮ್ಮ ಭಾಗದ ರಸ್ತೆಗಳಲ್ಲಿ ಅದು ಎಲ್ಲಿ ಸರಿಯಾಗಿ ನಿಂತಿತು, ಎಲ್ಲಿ ಗುರುತು ತಪ್ಪಿತು ಎಂಬುದನ್ನು ಊರು, ಸಮಯ ಸಹಿತ ನಾಲ್ಕು ಸಾಲಿನಲ್ಲಿ ಬರೆದು ಸಂಘದ ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ. ಬಂದವನ್ನು ಕ್ರೋಡೀಕರಿಸಿ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಚಾಲಕ ವೃತ್ತಿಯ ಸದಸ್ಯರ ಅಭಿಪ್ರಾಯಕ್ಕೆ ಮೊದಲ ಸ್ಥಾನ ಕೊಡಲಾಗುವುದು.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಸಂಘದ ಪರವಾಗಿ